ಇಳಕಲ್ ಸೀರೆಗೊಂದು ಟೀಸರ್ ಪುಟ: ವಿಡಿಯೋ, ಲಾಟಿ, ಎಸ್‌ವಿಜಿ ಮೂರನ್ನೂ ಮಾಡಿ ನೋಡಿದ ಮೇಲೆ

ಇಳಕಲ್ಲಿನ ಒಂದು ನೇಕಾರ ಮನೆತನ ಈ ದೀಪಾವಳಿಗೆ ಹೊಸ ಸೀರೆಗಳನ್ನು ನೇರವಾಗಿ ಗಿರಾಕಿಗಳಿಗೇ ಮಾರಲು ಹೊರಟಿದೆ. ಅದಕ್ಕೆ ಮೊದಲು ಒಂದು ಟೀಸರ್ ಪುಟ, ಅಂದರೆ ಕುತೂಹಲ ಹುಟ್ಟಿಸುವ ವೆಬ್ ಪುಟ ಬೇಕು, ಅದರಲ್ಲಿ ಅನಿಮೇಷನ್ ಇರಬೇಕು, ಖರ್ಚು ಐದು ಸಾವಿರ ದಾಟಬಾರದು ಅಂದರು. ಏನು ತೋರಿಸಬೇಕು ಅಂತ ಹುಡುಕಾಡುವ ಪ್ರಶ್ನೆಯೇ ಬರಲಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗೂ ರೇಷ್ಮೆ ಸೆರಗಿನ ಎಳೆಗೂ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಜೋಡಣೆಯೇ ಈ ಸೀರೆಯ ಗುರುತು. ಎರಡು ಕಡೆಯಿಂದ ಎಳೆಗಳು ಬರಬೇಕು, ಕೊಂಡಿ ಬೀಳಬೇಕು, ಕೆಂಪು ಸೆರಗು ಬಿಚ್ಚಿಕೊಳ್ಳಬೇಕು, ಕೊನೆಗೆ ಹೆಸರು, ತಾರೀಖು. ಹತ್ತು ಸೆಕೆಂಡಿನ ಈ ಒಂದೇ ದೃಶ್ಯವನ್ನು ಬೇರೆ ಬೇರೆ ದಾರಿಯಲ್ಲಿ ಮಾಡಿ ನೋಡಿದೆ.

ವೆಬ್ ಪುಟ ಕಟ್ಟಿಕೊಡುವ ರೆಡಿಮೇಡ್ ಬಿಲ್ಡರ್‌ಗಳ ಮಾತು ಬೇಗ ಮುಗಿಯುತ್ತದೆ. ಎಳೆದು ಬಿಟ್ಟರೆ ಪುಟ ತಯಾರು. ಆದರೆ ಅಲ್ಲಿ ಸಿಗುವುದು ಮೆಲ್ಲಗೆ ಮೂಡುವುದು, ಪಕ್ಕದಿಂದ ಜಾರಿ ಬರುವುದು, ಇಷ್ಟೇ. ಕೊಂಡಿ ಹಾಕೋಕೆ ಆಗಲ್ಲ. ಸ್ವಂತ ಡೊಮೇನ್ (ವೆಬ್ ವಿಳಾಸ) ಜೋಡಿಸಬೇಕು ಅಂದರೆ ಸಾಮಾನ್ಯವಾಗಿ ದುಡ್ಡಿನ ಪ್ಲಾನ್ ತಗೊಳ್ಳಬೇಕು. ಒಂದು ಫೋಟೋ, ಒಂದು ತಾರೀಖು ಸಾಕು ಅನ್ನುವವರಿಗೆ ಸರಿ.

ವಿಡಿಯೋ ಹಾಗಲ್ಲ, ಅದಕ್ಕೆ ನಿಜವಾದ ಶಕ್ತಿ ಇದೆ. ಮಗ್ಗದ ಮುಂದೆ ಕ್ಯಾಮೆರಾ ಇಟ್ಟಾಗ ರೇಷ್ಮೆ ಮೇಲೆ ಬೆಳಕು ಹರಿಯುವ ರೀತಿ ಯಾವ ಚಿತ್ರದಲ್ಲೂ ಬರುವುದಿಲ್ಲ. ತೊಂದರೆ ತೂಕದ್ದು. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಹತ್ತು ಸೆಕೆಂಡಿಗೆ ಎರಡೂವರೆ ಎಂಬಿ ಆಗುತ್ತದೆ. ಇನ್ನೂ ಹಿಂಡಿದರೆ ಸೆರಗಿನ ಸಣ್ಣ ಗೆರೆಗಳೆಲ್ಲ ಕಲಸಿಹೋಗುತ್ತವೆ. ಐಫೋನಿನಲ್ಲಿ ತಾನಾಗಿ ಓಡಬೇಕಾದರೆ ವಿಡಿಯೋಗೆ ‘ಮ್ಯೂಟೆಡ್’ (ಸದ್ದಿಲ್ಲದೆ), ‘ಪ್ಲೇಸ್‌ಇನ್‌ಲೈನ್’ (ಪುಟದೊಳಗೇ ಓಡು) ಅನ್ನುವ ಸೂಚನೆ ಎರಡೂ ಇರಬೇಕು. ಲೋ ಪವರ್ ಮೋಡ್‌ನಲ್ಲಿದ್ದರೆ ಆಗಲೂ ಓಡಲಿಕ್ಕಿಲ್ಲ. ಹಾಗಾಗಿ ವಿಡಿಯೋ ಜಾಗದಲ್ಲಿ ಕಾಣುವ ಒಂದು ಒಳ್ಳೆಯ ಪೋಸ್ಟರ್ ಚಿತ್ರ ಹೇಗೂ ಬೇಕೇ ಬೇಕು. ಹೆಸರು, ತಾರೀಖನ್ನು ವಿಡಿಯೋ ಒಳಗೆ ಸೇರಿಸಬೇಡಿ. ಸಣ್ಣ ಪರದೆಯಲ್ಲಿ ಓದಲು ಬರುವುದಿಲ್ಲ, ಗೂಗಲ್‌ಗೂ ಕಾಣುವುದಿಲ್ಲ.

ಲಾಟಿಯ ಮೇಲೆ ನನಗೆ ಬಹಳ ಆಸೆ ಇತ್ತು. ಏರ್‌ಬಿಎನ್‌ಬಿ 2017ರಲ್ಲಿ ಮುಕ್ತವಾಗಿ ಬಿಟ್ಟ, ಅನಿಮೇಷನ್ ಓಡಿಸುವ ಸಾಧನ ಇದು. ಅಡೋಬಿಯ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ ಮಾಡಿದ ಅನಿಮೇಷನ್ ಬಾಡಿಮೂವಿನ್ ಪ್ಲಗಿನ್ ಮೂಲಕ ಜೇಸನ್ ಅನ್ನುವ ಪಠ್ಯ ಫೈಲಾಗಿ ಹೊರಬರುತ್ತದೆ. ಎಷ್ಟು ದೊಡ್ಡ ಪರದೆ ಆದರೂ ಗೆರೆ ಚೂಪಾಗಿಯೇ ಇರುತ್ತದೆ. ಆದರೆ ಆಫ್ಟರ್ ಎಫೆಕ್ಟ್ಸ್‌ಗೆ ತಿಂಗಳ ಬಾಡಿಗೆ ಕಟ್ಟಬೇಕು, ಐದು ಸಾವಿರದಲ್ಲಿ ಅದೇ ದೊಡ್ಡ ಪಾಲು ತಿನ್ನುತ್ತದೆ. ಇನ್ನೊಂದು ಮಾತು, ಟೀಸರ್‌ನಲ್ಲಿ ತಾರೀಖು ಬದಲಾಗದೆ ಇರುವುದೇ ಇಲ್ಲ. ಅದು ಅನಿಮೇಷನ್ ಒಳಗಿದ್ದರೆ ಪ್ರತಿ ಸಲ ಮೂಲ ಫೈಲು ತೆರೆದು ಮತ್ತೆ ತೆಗೆಯಬೇಕು. ಅನಿಮೇಟರ್ ಜೊತೆಗೇ ಇರುವ ತಂಡಕ್ಕೆ ಲಾಟಿ ಚೆನ್ನ, ಒಬ್ಬರೇ ಮಾಡುವವರಿಗೆ ಭಾರ.

ನನಗೆ ಹಿಡಿಸಿದ್ದು ಎಸ್‌ವಿಜಿ, ಅಂದರೆ ಗೆರೆಗಳನ್ನು ಕೋಡಿನಲ್ಲೇ ಬರೆದಿಡುವ ಚಿತ್ರ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಎಳೆಗಳನ್ನು ಗೆರೆಗಳಾಗಿ ಬರೆದೆ. ಪ್ರತಿ ಗೆರೆಗೂ ‘ಪಾತ್‌ಲೆಂಗ್ತ್’ (ಗೆರೆಯ ಉದ್ದ) 1 ಅಂತ ಕೊಟ್ಟರೆ ಉದ್ದ ಅಳೆಯುವ ರಗಳೆ ಇಲ್ಲ. ಗೆರೆಯನ್ನು ತುಂಡು ಮಾಡುವ ‘ಡ್ಯಾಶ್‌ಅರೇ’ 1 ಇಟ್ಟು, ಆ ತುಂಡನ್ನು ಸರಿಸುವ ‘ಡ್ಯಾಶ್‌ಆಫ್‌ಸೆಟ್’ 1ರಿಂದ 0ಗೆ ಇಳಿಸಿದರೆ ಎಳೆ ತಾನೇ ಬರೆದುಕೊಳ್ಳುತ್ತಾ ಹೋಗುತ್ತದೆ. ಮೊದಲ ಸಲ ತೋರಿಸಿದಾಗ ಆ ಮನೆಯ ಹಿರಿಯರು, ನಾನು ಕಾಕಾ ಅಂತಲೇ ಕರೆಯುವವರು, ಫೋನನ್ನು ಕಣ್ಣ ಹತ್ತಿರ ಹಿಡಿದು, “ಎಳಿ ಬಂತು ಖರೆ ತಮ್ಮಾ, ಕೊಂಡಿ ಬಿಗಿ ಆಗೋದು ಕಾಣವಲ್ದು” ಅಂದರು. ಆಮೇಲೆ ಬೆರಳಿಗೆ ದಾರ ಸುತ್ತಿ, ಜಗ್ಗಿ ತೋರಿಸಿದರು. ದಾರ ಒಂದು ಚೂರು ಹೆಚ್ಚೇ ಹೋಗಿ, ಹಿಂದೆ ಬಂದು ಕೂರುತ್ತದೆ. ಆ ಜಗ್ಗುವಿಕೆಯನ್ನು ಕೊಂಡಿಗೆ ತಂದ ಮೇಲೆ ಇಡೀ ದೃಶ್ಯಕ್ಕೆ ಜೀವ ಬಂತು.

ಇದಕ್ಕೂ ಒಂದು ಮಿತಿ ಇದೆ. ‘ಟ್ರಾನ್ಸ್‌ಫಾರ್ಮ್’ (ಜಾಗ, ಅಳತೆ), ‘ಒಪ್ಯಾಸಿಟಿ’ (ಪಾರದರ್ಶಕತೆ) ಬದಲಿಸುವುದು ಬ್ರೌಸರಿಗೆ ಹಗುರ, ಗೆರೆ ಬರೆಯುವುದಕ್ಕೆ ಮಾತ್ರ ಪ್ರತಿ ಸಲ ಬಣ್ಣ ಬಳಿಯಬೇಕು. ನೂರಾರು ಎಳೆ ಓಡಿಸಿದರೆ ಅಗ್ಗದ ಫೋನ್ ತಡವರಿಸುತ್ತದೆ. ಮುಂದಿನ ಕೆಲವು ಎಳೆಗಳನ್ನಷ್ಟೇ ಬರೆಸಿ, ಉಳಿದ ಸೆರಗನ್ನು ಒಂದೇ ಚಿತ್ರವಾಗಿ ಮೆಲ್ಲಗೆ ಮೂಡಿಸಿದರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಈ ಎಸ್‌ವಿಜಿಯನ್ನು ಓಡಿಸಲು ವೆಬ್ ಪುಟದ ರೂಪ ಹೇಳುವ ಸಿಎಸ್‌ಎಸ್ ಒಂದೇ ಸಾಕಾ, ಅನಿಮೇಷನ್‌ಗೆಂದೇ ಇರುವ ಜಾವಾಸ್ಕ್ರಿಪ್ಟ್ ಲೈಬ್ರರಿ ಜಿಸ್ಯಾಪ್ ಬೇಕಾ? ಒಂದೆರಡು ಚಲನೆ ಇದ್ದರೆ ಸಿಎಸ್‌ಎಸ್ ಸಾಕು. “ಸೆರಗು ಇನ್ನೂ ಸ್ವಲ್ಪ ತಡವಾಗಿ ಬರಲಿ” ಅನ್ನುವ ಮಾತು ಶುರುವಾದರೆ ಸಿಎಸ್‌ಎಸ್‌ನಲ್ಲಿ ಅದರ ನಂತರ ಬರುವ ಎಲ್ಲ ವಿಳಂಬಗಳನ್ನೂ ಕೈಯಾರೆ ತಿದ್ದಬೇಕಾಗುತ್ತದೆ. ಜಿಸ್ಯಾಪ್‌ನ ಟೈಮ್‌ಲೈನ್‌ನಲ್ಲಿ ಒಂದನ್ನು ಸರಿಸಿದರೆ ಮುಂದಿನವು ತಾವೇ ಸರಿಯುತ್ತವೆ. ವೆಬ್‌ಫ್ಲೋ ಕಂಪನಿಯ ಕೈಗೆ ಹೋದ ಮೇಲೆ, 2025ರಿಂದ, ಮೊದಲು ದುಡ್ಡು ಕೊಡಬೇಕಿದ್ದ ಪ್ಲಗಿನ್‌ಗಳೂ ಸೇರಿ ಅದು ಪೂರ್ತಿ ಉಚಿತ. ನಾನು ಅದನ್ನೇ ಉಳಿಸಿಕೊಂಡೆ.

ಕನ್ನಡದಲ್ಲಿ ಮಾಡುವವರು ಒಂದು ವಿಷಯ ಮೊದಲೇ ನೋಡಿಕೊಳ್ಳಬೇಕು. ಹೆಸರಿನ ಅಕ್ಷರಗಳು ಒಂದೊಂದಾಗಿ ಬೀಳುವ ಪರಿಣಾಮ ಇಂಗ್ಲಿಷಿನಲ್ಲಿ ಚಂದ. ಕನ್ನಡದಲ್ಲಿ ಹಾಗೆ ಬಿಡಿಸಿದರೆ ಒತ್ತಕ್ಷರ ಒಡೆಯುತ್ತದೆ. ‘ಇಳಕಲ್ಲ’ ಅನ್ನುವುದರ ಕೊನೆಯ ‘ಲ್ಲ’ ಒಂದು ‘ಲ್’, ಒಂದು ‘ಲ’ ಆಗಿ ಬೇರೆ ಬೇರೆ ನಿಲ್ಲುತ್ತದೆ. ಪದವನ್ನು ಇಡಿಯಾಗಿ ಚಲಿಸಿ, ಇಲ್ಲವೇ ಹೆಸರನ್ನು ಇಂಕ್‌ಸ್ಕೇಪ್‌ನಲ್ಲಿ ಗೆರೆಯಾಗಿ ಬದಲಿಸಿ ಒತ್ತು ಸಮೇತ ಗುಂಪು ಮಾಡಿಕೊಳ್ಳಿ. ತಾರೀಖು ಮಾತ್ರ ನಿಜವಾದ ಅಕ್ಷರದಲ್ಲೇ ಇರಲಿ, ತಿದ್ದುವುದು ಸುಲಭ.

ಹೋಸ್ಟಿಂಗ್‌ಗೆ, ಅಂದರೆ ಪುಟ ಇಡುವ ಜಾಗಕ್ಕೆ, ದುಡ್ಡು ಹಾಕಬೇಡಿ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್ ಎರಡೂ ಉಚಿತ, ಎರಡರಲ್ಲೂ ಸ್ವಂತ ಡೊಮೇನ್ ಜೋಡಿಸಬಹುದು. ಡೊಮೇನ್ ಬಿಟ್ಟು ಉಳಿದ ಹಣವನ್ನೆಲ್ಲ ಸೀರೆಯ ಫೋಟೋ ತೆಗೆದವರಿಗೆ ಕೊಟ್ಟೆವು. ದಾಳಿಂಬೆ ಕೆಂಪು ಫೋನಿನಲ್ಲೂ ದಾಳಿಂಬೆ ಕೆಂಪಾಗಿಯೇ ಕಾಣಬೇಕಾದರೆ ಅದು ಕೊಡಲೇಬೇಕಾದ ಹಣ.

ಫೋಟೋ ಇನ್ನೊಂದು ಕಡೆಯೂ ಬೇಕಾಯಿತು. ನಮ್ಮ ಕಡೆ ಲಿಂಕ್ ಓಡಾಡುವುದೇ ವಾಟ್ಸಾಪಿನಲ್ಲಿ, ಅಲ್ವಾ. ಅಲ್ಲಿ ಅನಿಮೇಷನ್ ಕಾಣುವುದಿಲ್ಲ, ಕಾಣುವುದು ಒಂದು ಸ್ಥಿರ ಚಿತ್ರ ಮಾತ್ರ. 1200×630 ಅಳತೆಯಲ್ಲಿ, ಕೊಂಡಿ ಇನ್ನೂ ಅರ್ಧ ಬಿದ್ದ ಚಿತ್ರ ಇಟ್ಟಿದ್ದೇವೆ, ಒತ್ತಿ ನೋಡುವ ಕುತೂಹಲ ಹುಟ್ಟಲಿ ಅಂತ. ಅದರ ಮೇಲೆ ತಾರೀಖು ಬರೆಯಬೇಡಿ. ಆಗಲೇ ಹೋದ ಮೆಸೇಜಿನಲ್ಲಿ ಹಳೆಯ ಚಿತ್ರವೇ ಉಳಿದುಬಿಡುತ್ತದೆ.