‘ಲಾಸ್ಟ್’ ಈಗಲೂ ನೋಡಬಹುದಾ? ಹಳೇ ಅಭಿಮಾನಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಕಂತಿನವರೆಗಿನ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ. ಇನ್ನೂ ನೋಡಿಲ್ಲದವರು ಮುಂದಿನ ಪ್ಯಾರಾ ಓದಿ ನಿಲ್ಲಿಸಿ.

‘ಲಾಸ್ಟ್’ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2004ರ ಸೆಪ್ಟೆಂಬರ್‌ನಿಂದ 2010ರ ಮೇವರೆಗೆ ಬಂದ ಧಾರಾವಾಹಿ. ಆರು ಸೀಸನ್, 121 ಕಂತು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನ ಒಂದು ದ್ವೀಪದಲ್ಲಿ ಬೀಳುತ್ತದೆ, ಬದುಕಿ ಉಳಿದವರಿಗೆ ಆ ದ್ವೀಪ ಮಾಮೂಲಿ ಜಾಗವಲ್ಲ ಎಂದು ಗೊತ್ತಾಗುತ್ತದೆ. ಶೂಟಿಂಗ್ ಆಗಿದ್ದು ಹವಾಯಿಯಲ್ಲಿ. ಆ ಹಸಿರು, ಆ ಸಮುದ್ರ ಇವತ್ತಿಗೂ ಕಣ್ಣಿಗೆ ಹಬ್ಬ. ಕೆಲವು ಗ್ರಾಫಿಕ್ಸ್ ಮಾತ್ರ ಹಳೆಯದಾಗಿ ಕಾಣುತ್ತದೆ. ನಾಲ್ಕನೇ ಕಂತಿನವರೆಗೆ ನೋಡಿ. ಅದು ಮುಗಿದ ಮೇಲೂ ಮುಂದೇನು ಎಂದು ಅನ್ನಿಸದಿದ್ದರೆ ಆರಾಮಾಗಿ ಬಿಟ್ಟುಬಿಡಿ.

ನಾಲ್ಕನೇ ಕಂತು ಜಾನ್ ಲಾಕ್‌ನದು. ದ್ವೀಪದಲ್ಲಿ ಅವನು ಚಾಕು ಎಸೆಯುವವನು, ಹಂದಿ ಬೇಟೆಯಾಡುವವನು. ಹಿಂದಿನ ಬದುಕಿನಲ್ಲಿ ಪೆಟ್ಟಿಗೆ ಮಾಡುವ ಕಂಪನಿಯೊಂದರಲ್ಲಿ ಆಫೀಸು ಕೆಲಸ, ಮೇಲಧಿಕಾರಿಯಿಂದ ದಿನಾ ಗೇಲಿ. ಆಸ್ಟ್ರೇಲಿಯಾದ ಕಾಡಿನಲ್ಲಿ ಅಲೆಯಬೇಕೆಂದು ಅಷ್ಟು ದೂರ ಹೋದರೆ ಅಲ್ಲಿನವರು ಕರೆದುಕೊಂಡು ಹೋಗಲ್ಲ ಎನ್ನುತ್ತಾರೆ. ಯಾಕೆ ಎಂಬುದು ಕಂತಿನ ಕೊನೆಯಲ್ಲಿ ಕಾಣುತ್ತದೆ: ಅವನು ಗಾಲಿಕುರ್ಚಿಯಲ್ಲಿದ್ದಾನೆ. ವಿಮಾನ ಬಿದ್ದ ಮೇಲೆ ಎದ್ದು ನಡೆದಿದ್ದಾನೆ. ಇದು ಗೊತ್ತಾದ ಮೇಲೆ ಮೊದಲ ಕಂತನ್ನು ಮತ್ತೆ ನೋಡಿ. ಮಳೆ ಬಂದಾಗ ಎಲ್ಲರೂ ಆಸರೆಗೆ ಓಡುತ್ತಾರೆ, ಇವನೊಬ್ಬ ಕೈ ಚಾಚಿ ಕೂತು ನಗುತ್ತಿರುತ್ತಾನೆ. ಮೊದಲ ಸಲ ‘ಯಾರಪ್ಪ ಈ ಹುಚ್ಚ’ ಅನ್ನಿಸುವ ಮನುಷ್ಯ.

ವರ್ಷಗಟ್ಟಲೆ ಮತ್ತೆ ಮತ್ತೆ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಒಬ್ಬ ಮನುಷ್ಯನಿಗೆ ಅಂಟಿಕೊಂಡಿರುವ ಗುಟ್ಟು ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ. ಬರೀ ದ್ವೀಪದ ಗುಟ್ಟು ಒಂದೇ ಸಲಕ್ಕೆ ಖಾಲಿ. ಬಿಳಿ ಕರಡಿ ಉಷ್ಣವಲಯದ ಕಾಡಿಗೆ ಹೇಗೆ ಬಂತು? ಧರ್ಮ ಇನಿಷಿಯೇಟಿವ್ ಎಂಬ ಸಂಸ್ಥೆಯವರು ಪ್ರಯೋಗಕ್ಕೆ ತಂದಿದ್ದರು. ಸರಿ, ಮುಗೀತು. ಕಾಡಿನಲ್ಲಿ ಕೇಳುವ ಪಿಸುಮಾತು? ಅಲ್ಲೇ ಸಿಕ್ಕಿಕೊಂಡ ಸತ್ತವರದು ಎಂದು ಆರನೇ ಸೀಸನ್‌ನಲ್ಲಿ ಒಂದು ಚಿಕ್ಕ ಮಾತಿನಲ್ಲಿ ಹೇಳಿ ಕೈ ತೊಳೆದುಕೊಂಡರು. ಬಸುರಿಯರು ದ್ವೀಪದಲ್ಲಿ ಯಾಕೆ ಸಾಯುತ್ತಾರೆ, ಪುಟ್ಟ ವಾಲ್ಟ್‌ಗೆ ಇದ್ದ ಶಕ್ತಿ ಎಂಥದ್ದು, ಇವಕ್ಕೆಲ್ಲ ನೆಟ್ಟಗೆ ಉತ್ತರವೇ ಇಲ್ಲ. ಹೊಗೆಯ ರಾಕ್ಷಸನ ಹುಟ್ಟು, ಬೆಳಕಿನ ಗುಹೆ, ಅದಕ್ಕೊಂದು ಕಲ್ಲಿನ ಬಿರಡೆ: ಇದನ್ನು ಸಮರ್ಥಿಸಲು ನನ್ನಿಂದ ಈಗಲೂ ಆಗುವುದಿಲ್ಲ.

ಅಂಕಿಗಳ ಕಥೆ ಸ್ವಲ್ಪ ಬೇರೆ. 4, 8, 15, 16, 23, 42. ಬದುಕಿ ಉಳಿದವರಲ್ಲೊಬ್ಬನಾದ ಹರ್ಲಿ ಹಿಂದೆ ಇವನ್ನೇ ಹಾಕಿ ಲಾಟರಿ ಗೆದ್ದಿದ್ದ, ಆಮೇಲೆ ಸಾಲು ಸಾಲು ಅನಾಹುತ. ಇದೇ ಅಂಕಿಗಳನ್ನು ದ್ವೀಪದ ನೆಲದಡಿಯ ಒಂದು ಕಂಪ್ಯೂಟರಿಗೆ ಒತ್ತಬೇಕು, ಅದೂ 108 ನಿಮಿಷಕ್ಕೊಮ್ಮೆ. ಕೂಡಿಸಿ ನೋಡಿ, 108 ಬರುತ್ತದೆ. ಜಪಮಾಲೆ, ಅಷ್ಟೋತ್ತರ ಕಂಡ ನಮ್ಮವರಿಗೆ ಇಲ್ಲಿ ಕಿವಿ ನೆಟ್ಟಗಾಗುತ್ತದೆ. ಅದರ ಮೇಲೆ ಧರ್ಮ ಇನಿಷಿಯೇಟಿವ್‌ನವರ ತರಬೇತಿ ಫಿಲ್ಮ್‌ನಲ್ಲಿ ‘ನಮಸ್ತೆ’ ಬೇರೆ. ಏನೋ ದೊಡ್ಡದಿದೆ ಎಂದು ಕಾಯುತ್ತೀರಿ. ಕೊನೆಗೆ ಸಿಗುವುದು ಇಷ್ಟು: ಜೇಕಬ್ ಎಂಬ ದ್ವೀಪದ ಕಾವಲುಗಾರ ತನ್ನ ಉತ್ತರಾಧಿಕಾರಿಗಳ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟಿದ್ದ. 4 ಲಾಕ್‌ಗೆ, 23 ಬದುಕಿ ಉಳಿದವರ ಮುಂದಾಳು ಡಾಕ್ಟರ್ ಜ್ಯಾಕ್‌ಗೆ, ಹೀಗೆ. ಆ ಅಂಕಿಗಳೇ ಯಾಕೆ? ಉತ್ತರವಿಲ್ಲ. ಆದರೆ ನಾಲ್ಕನೇ ನಂಬರಿನ ಲಾಕ್ ಆ ಗುಂಡಿ ಒತ್ತುವುದನ್ನು ಪೂಜೆಯಂತೆ ಶುರುಮಾಡಿ, ನಂಬಿಕೆ ಕಳೆದುಕೊಂಡು, ನಿಲ್ಲಿಸಿ, ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳುವ ಎರಡನೇ ಸೀಸನ್ ಇದೆಯಲ್ಲ, ಅದು ಈಗಲೂ ಹಿಡಿದು ಕೂರಿಸುತ್ತದೆ.

ಲಾಕ್‌ಗೆ ಕಥೆಗಾರರು ಮಾಡಿದ್ದು ಕ್ರೂರ. ಹೆತ್ತ ಅಪ್ಪನೇ ಪ್ರೀತಿಯ ನಾಟಕವಾಡಿ ಕಿಡ್ನಿ ಹೊಡೆದ. ಆಮೇಲೆ ಎಂಟನೇ ಮಹಡಿಯಿಂದ ತಳ್ಳಿದ. ದ್ವೀಪವೊಂದೇ ತನ್ನನ್ನು ಆರಿಸಿಕೊಂಡಿದೆ ಎಂದು ನಂಬಿದವನು ಐದನೇ ಸೀಸನ್‌ನಲ್ಲಿ ನೇಣು ಹಾಕಿಕೊಳ್ಳಲು ಹೊರಡುತ್ತಾನೆ. ದ್ವೀಪದಲ್ಲಿ ಮೊದಲೇ ಇದ್ದವರ ಮುಖಂಡನಾಗಿದ್ದ ಬೆನ್ ಬಂದು ಸಮಾಧಾನ ಮಾಡಿ ಕೆಳಗಿಳಿಸುತ್ತಾನೆ, ಬೇಕಾದ ವಿಷಯ ಬಾಯಿ ಬಿಡಿಸಿಕೊಂಡು ತಾನೇ ಕತ್ತು ಹಿಸುಕುತ್ತಾನೆ. ಆಮೇಲೆ ಲಾಕ್‌ನ ರೂಪದಲ್ಲಿ ಓಡಾಡುವುದು ಆ ಹೊಗೆ. ಸಾಯುವಾಗ ಅವನ ಮನಸ್ಸಿನಲ್ಲಿದ್ದದ್ದು ‘ನನಗೆ ಅರ್ಥವಾಗುತ್ತಿಲ್ಲ’ ಎಂಬುದೊಂದೇ ಎಂದು ಅದು ಬೆನ್‌ಗೆ ಹೇಳುತ್ತದೆ. ಕೊನೆಯ ಸೀಸನ್‌ನಲ್ಲಿ ನಿಜವಾದ ಲಾಕ್ ದ್ವೀಪದಲ್ಲಿ ಇಲ್ಲವೇ ಇಲ್ಲ, ಅವನ ಮುಖ ಮಾತ್ರ ಇದೆ. ‘ಲಾಕ್‌ನನ್ನು ಹಾಳುಮಾಡಿದರು’ ಎಂದು ಸಿಟ್ಟಾಗುವ ಅಭಿಮಾನಿಗಳು ಬಹಳ. ನಾನು ಆ ಗುಂಪಿನಲ್ಲಿಲ್ಲ. ಇಡೀ ಧಾರಾವಾಹಿ ಅವನೊಡನೆ ಜಗಳವಾಡಿದ ಜ್ಯಾಕ್ ಕೊನೆಯಲ್ಲಿ ಆ ಮುಖದೆದುರೇ ನಿಂತು, ನೀನು ಅವನಲ್ಲ, ಅವನು ಹೇಳಿದ್ದು ಬಹುತೇಕ ಸರಿಯಾಗಿತ್ತು, ಬದುಕಿದ್ದಾಗ ಹೇಳಬೇಕಿತ್ತು ಎನ್ನುತ್ತಾನೆ. ಆ ಒಂದು ಮಾತಿಗೆ ಆರು ಸೀಸನ್‌ನ ಜಗಳ ಬೇಕಿತ್ತು. ಎರಡೂ ಪಾತ್ರ ಮಾಡಿದ ಟೆರಿ ಓಕ್ವಿನ್‌ಗೆ 2007ರಲ್ಲಿ ಎಮ್ಮಿ ಬಂತು. 2009ರಲ್ಲಿ ಬೆನ್ ಪಾತ್ರದ ಮೈಕಲ್ ಎಮರ್ಸನ್‌ಗೂ ಬಂತು. ಕೆಲವೇ ಕಂತಿಗೆಂದು ಬಂದ ನಟ ಕೊನೆಯವರೆಗೂ ಉಳಿದುಬಿಟ್ಟ.

ನನ್ನ ದೂರು ಬೇರೆ ಕಡೆ ಇದೆ. ಸಯೀದ್. ಇರಾಕಿನ ಮಾಜಿ ಸೈನಿಕ, ಚಿತ್ರಹಿಂಸೆ ಕೊಡುತ್ತಿದ್ದವನು, ಆ ಪಾಪದಿಂದ ಹೊರಬರಲು ಒದ್ದಾಡುವವನು. ನವೀನ್ ಆಂಡ್ರ್ಯೂಸ್, ಕೇರಳ ಮೂಲದ ತಂದೆತಾಯಿಯ ಮಗ, ಲಂಡನ್ನಿನಲ್ಲಿ ಹುಟ್ಟಿದ ನಟ, ಎಷ್ಟು ಚೆನ್ನಾಗಿ ಮಾಡಿದ್ದಾರೆ! ಅಂಥ ಪಾತ್ರಕ್ಕೆ ಆರನೇ ಸೀಸನ್‌ನಲ್ಲಿ ಏನೋ ಸೋಂಕು ತಗುಲಿಸಿ ಭಾವನೆಯೇ ಇಲ್ಲದ ಬೊಂಬೆ ಮಾಡಿದರು. ಬದುಕಿಡೀ ಪ್ರೇಯಸಿ ನಾದಿಯಾಗಾಗಿ ಹಂಬಲಿಸಿದವನನ್ನು ಕೊನೆಯಲ್ಲಿ ವಿಮಾನದ ಸಹಪ್ರಯಾಣಿಕೆ ಶ್ಯಾನನ್ ಪಕ್ಕ ಕೂರಿಸಿದ್ದು ಯಾವ ಲೆಕ್ಕ? ಇನ್ನು ಸನ್, ಜಿನ್ ಎಂಬ ಕೊರಿಯನ್ ದಂಪತಿ. ಮೊದಲಿಗೆ ಗಂಡ ಬರೀ ದರ್ಪದವನು ಎನಿಸುತ್ತದೆ, ಮುಂದೆ ಅವನ ಕಡೆಯಿಂದ ಅದೇ ಕಥೆ ನೋಡಿದಾಗ ಲೆಕ್ಕವೇ ಬದಲಾಗುತ್ತದೆ. ಅಷ್ಟು ಚೆಂದ ಬೆಳೆಸಿದ ಜೋಡಿಯನ್ನು ಸಬ್‌ಮರೀನಿನಲ್ಲಿ ಕೈ ಕೈ ಹಿಡಿಸಿ ಮುಳುಗಿಸಿದರು. ನಮ್ಮ ಅತ್ತಿಗೆ ಇದನ್ನು ನೋಡಿ ಕಣ್ಣೀರು ಹಾಕಲಿಲ್ಲ, ಬೈದರು. ‘ಊರಲ್ಲಿ ಮಗಳಿದ್ದಾಳಲ್ರೀ! ಅವನಾದರೂ ಈಜಿ ಹೋಗಬಾರದಾ?’ ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಮೂರನೇ ಸೀಸನ್‌ನ ಮೊದಲರ್ಧ ಎಳೆತ. ಜ್ಯಾಕ್‌ನ ತೋಳಿನ ಹಚ್ಚೆಗೆ ಒಂದು ಇಡೀ ಕಂತು ಕೊಟ್ಟಿದ್ದಾರೆ, ಸುಮ್ನೆ. ಧಾರಾವಾಹಿಯನ್ನು ಎಳೆಯುವುದು ಅಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ. ಆದರೆ ಇವರು ಎಚ್ಚೆತ್ತರು. 2010ರಲ್ಲಿ ಮುಗಿಸುತ್ತೇವೆ ಎಂದು 2007ರ ಮೇನಲ್ಲೇ ಘೋಷಿಸಿದರು. ನಂತರದ ಸೀಸನ್‌ಗಳು ಚಿಕ್ಕವು, ಓಟ ಜಾಸ್ತಿ. ನಾಲ್ಕನೇ ಸೀಸನ್‌ನಲ್ಲಿ ಡೆಸ್ಮಂಡ್ 1996 ಮತ್ತು 2004ರ ನಡುವೆ ತೊಯ್ದಾಡಿ, ಕ್ರಿಸ್‌ಮಸ್ ಹಿಂದಿನ ದಿನ ಪ್ರೇಯಸಿ ಪೆನ್ನಿಗೆ ಫೋನ್ ಮಾಡುವ ಕಂತು ಎಲ್ಲದರಲ್ಲೂ ನನಗೆ ಅಚ್ಚುಮೆಚ್ಚು.

ಕೊನೆಯ ಬಗ್ಗೆ ಒಂದು ತಪ್ಪು ಮಾತು ಇನ್ನೂ ಓಡಾಡುತ್ತಿದೆ: ‘ಎಲ್ಲರೂ ಮೊದಲ ದಿನವೇ ಸತ್ತಿದ್ದರು’. ಇಲ್ಲ. ಜ್ಯಾಕ್‌ನ ಅಪ್ಪ ಚರ್ಚ್‌ನಲ್ಲಿ ಬಾಯಿಬಿಟ್ಟೇ ಹೇಳುತ್ತಾನೆ, ನಡೆದದ್ದೆಲ್ಲ ನಿಜ, ಕೆಲವರು ನಿನಗಿಂತ ಮೊದಲು ಸತ್ತರು, ಕೆಲವರು ನೀನು ಹೋಗಿ ಎಷ್ಟೋ ಕಾಲದ ಮೇಲೆ. ಸತ್ತ ಮೇಲಿನದ್ದು ಆರನೇ ಸೀಸನ್‌ನಲ್ಲಿ ದ್ವೀಪದ ಕಥೆಯ ಜೊತೆಜೊತೆಗೆ ತೋರಿಸುವ ಪರ್ಯಾಯ ಬದುಕು ಮಾತ್ರ. ಕೊನೆಗೆ ಹೆಸರುಗಳು ಬರುವಾಗ ಖಾಲಿ ಬೀಚಿನ ವಿಮಾನದ ಅವಶೇಷ ತೋರಿಸಿ ಚಾನೆಲ್‌ನವರೇ ಗೊಂದಲ ಎಬ್ಬಿಸಿದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಯೀದ್‌ಗಾಗಿ ಒಂದು ಕಳೆದಿದ್ದೇನೆ. ಎಲ್ಲಕ್ಕೂ ಉತ್ತರ ಬೇಕು ಎನ್ನುವವರು ನೋಡಬೇಡಿ, ಜಗಳವಾಗುತ್ತದೆ. ನೋಡುವವರು ಡಿವಿಡಿಯಲ್ಲಿ ಬಂದ ಹನ್ನೆರಡು ನಿಮಿಷದ ಪುಟ್ಟ ಕಂತನ್ನೂ ಹುಡುಕಿ ನೋಡಿ, ದ್ವೀಪಕ್ಕೆ ಆಕಾಶದಿಂದ ಬೀಳುತ್ತಿದ್ದ ದಿನಸಿ ಎಲ್ಲಿಂದ ಬರುತ್ತಿತ್ತು ಎಂಬುದು ಅದರಲ್ಲಿದೆ.