ಬಸವ ವಸತಿ ಯೋಜನೆಯ ಮನೆ: ಏಳು ವರ್ಷ ವಾಸ ಮಾಡಿದ ಮೇಲೆ

ಐದಕ್ಕೆ ಮೂರೂವರೆ ಕೊಡ್ತೀನಿ. ಮನೆಗೆ ನಾಲ್ಕು, ಮನೆ ಆದ ರೀತಿಗೆ ಮೂರು. ಎರಡನ್ನೂ ಕೂಡಿಸಿ ಭಾಗ ಮಾಡಿದ್ದೇನೆ, ಅಷ್ಟೇ.

ಬಸವ ವಸತಿ ಅಂದರೆ ಹಳ್ಳಿಯ ಬಡವರಿಗೆ ಮನೆ ಕಟ್ಟೋಕೆ ರಾಜ್ಯ ಸರ್ಕಾರ ಸಹಾಯಧನ ಕೊಡುವ ಯೋಜನೆ. ನಮ್ಮದು ತಿಪಟೂರು ಕಡೆಯ ಸಣ್ಣ ಊರು. ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ಮನೆ ಕಟ್ಟುವಾಗಿನ ಖರ್ಚಿನ ಪುಸ್ತಕ ಇವತ್ತಿಗೂ ಇದೆ. ಮನೆ ಮಂಜೂರಾಗಿದ್ದು ಅಮ್ಮನ ಹೆಸರಿಗೆ. ಯೋಜನೆಯ ನಿಯಮವೇ ಹಾಗೆ, ಸಾಮಾನ್ಯವಾಗಿ ಹೆಂಗಸರ ಹೆಸರಿಗೇ ಕೊಡ್ತಾರೆ. ಗ್ರಾಮಸಭೆಯಲ್ಲಿ ಹೆಸರು ಓದಿದ್ದು 2016ರಲ್ಲಿ, ಪಾಯ ತೆಗೆದಿದ್ದು 2017ರ ಜೂನ್‌ನಲ್ಲಿ, ಹಾಲು ಉಕ್ಕಿಸಿದ್ದು 2018ರ ಮಾರ್ಚ್‌ನಲ್ಲಿ. ಊರಲ್ಲಿ ಈಗಲೂ ಇಂಥ ಮನೆಗಳಿಗೆಲ್ಲ 'ಆಶ್ರಯ ಮನೆ' ಅಂತಲೇ ಹೆಸರು. ಆಶ್ರಯ ಯೋಜನೆ ಶುರುವಾಗಿದ್ದು 1991-92ರಲ್ಲಿ. ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ಅಂತ ಎಷ್ಟೋ ಹೆಸರು ಬಂದವು, ಜನ ಮಾತ್ರ ಹಳೇ ಹೆಸರು ಬಿಟ್ಟಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ. 'ಸರ್ಕಾರ ಮನೆ ಕೊಡುತ್ತೆ' ಅಂತಾರಲ್ಲ, ಹಾಗೇನೂ ಇಲ್ಲ. ಮನೆ ನಾವೇ ಕಟ್ಟಬೇಕು. ಕಟ್ಟಿ ತೋರಿಸಿದ ಮೇಲೆ ದುಡ್ಡು ಬರುತ್ತೆ. ನಾಲ್ಕು ಹಂತ: ತಳಪಾಯ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ಅಡ್ಡತೊಲೆಯ ಮಟ್ಟ), ಛಾವಣಿ, ಪೂರ್ಣ. ಪ್ರತಿ ಹಂತ ಮುಗಿದಾಗಲೂ ಜಾಗದ ಗುರುತು ಇರುವ ಜಿಪಿಎಸ್ ಫೋಟೋ ತೆಗೆದು ಆನ್‌ಲೈನ್‌ಗೆ ಏರಿಸಬೇಕು. ಅದು ಪಾಸಾದ ಮೇಲೆ ಕಂತು ನೇರ ಬ್ಯಾಂಕ್ ಖಾತೆಗೆ. ನಮ್ಮ ಸಲ ಸಾಮಾನ್ಯ ವರ್ಗಕ್ಕೆ ಒಟ್ಟು 1,20,000 ರೂಪಾಯಿ. ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಪರಿಶಿಷ್ಟರಿಗೆ ಹಳ್ಳಿಯಲ್ಲಾದರೆ ಆಗ 1,75,000. ಕೈಯಲ್ಲಿ ದುಡ್ಡಿಲ್ಲ ಅಂತಲೇ ಅರ್ಜಿ ಹಾಕಿರೋದು. ಆದರೆ ಪಾಯ ಹಾಕೋಕೆ ಮೊದಲು ದುಡ್ಡು ಹಾಕಬೇಕಾದವರು ನಾವೇ.

ಕಾಗದಪತ್ರದ ಕತೆ ಬೇಗ ಹೇಳಿ ಮುಗಿಸ್ತೀನಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಇವೆಲ್ಲ ಸುಲಭ. ಕಷ್ಟ ಆಗಿದ್ದು ಜಾಗದ ಖಾತೆ. ಜಾಗ ತಾತನ ಹೆಸರಲ್ಲಿತ್ತು, ತಾತ ಹೋಗಿ ಹದಿನೈದು ವರ್ಷ. ವಂಶವೃಕ್ಷ ಮಾಡಿಸಿ, ಚಿಕ್ಕಪ್ಪಂದಿರ ಒಪ್ಪಿಗೆ ತಗೊಂಡು, ಅಮ್ಮನ ಹೆಸರಿಗೆ ಖಾತೆ ಕೂರಿಸಿ, ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಕೈಗೆ ಬರೋ ಹೊತ್ತಿಗೆ ಐದು ತಿಂಗಳು. ಚಿಕ್ಕ ಚಿಕ್ಕಪ್ಪ ಸಹಿ ಹಾಕೋಕೆ ಎರಡು ಹಬ್ಬ ಕಾಯಿಸಿದ. ಅರ್ಜಿ ಹಾಕೋ ಯೋಚನೆ ಇದ್ದರೆ ಪಟ್ಟಿಯಲ್ಲಿ ಹೆಸರು ಬರೋ ತನಕ ಕಾಯಬೇಡಿ, ಖಾತೆ ಕೆಲಸ ಈಗಲೇ ಶುರು ಮಾಡಿ.

ಆದಾಯ ಪ್ರಮಾಣಪತ್ರದ್ದು ಇನ್ನೊಂದು ತಮಾಷೆ. ಆಗ ಹಳ್ಳಿಯವರಿಗೆ ಮಿತಿ ವರ್ಷಕ್ಕೆ 32,000 ರೂಪಾಯಿ. ಪಟ್ಟಣದ ವಾಜಪೇಯಿ ವಸತಿ ಯೋಜನೆಗೆ 87,600. ಮೂವತ್ತೆರಡು ಸಾವಿರ ಅಂದರೆ ದಿನಕ್ಕೆ 88 ರೂಪಾಯಿ. 2017-18ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 236 ಇತ್ತು. ಒಬ್ಬರು ಐದು ತಿಂಗಳು ಕೂಲಿಗೆ ಹೋದರೆ ಮಿತಿ ದಾಟಿ ಹೋಗುತ್ತೆ! ಹಾಗಾಗಿ ನಮ್ಮೂರಲ್ಲಿ ಗದ್ದೆ ಇದ್ದವರದ್ದೂ, ಬರೀ ಕೈಯವರದ್ದೂ ಆದಾಯ ಮೂವತ್ತು ಸಾವಿರದ ಹತ್ತಿರ ಹತ್ತಿರವೇ. ಇಷ್ಟು ಸಮಾನತೆ ಬೇರೆ ಎಲ್ಲೂ ನೋಡಿಲ್ಲ.

ಇನ್ನು ಫೋಟೋ ತೆಗೆದ ದಿನ. ತಳಪಾಯ ಮುಗಿದು ಎಂಟು ದಿನಕ್ಕೆ ಪಂಚಾಯಿತಿಯಿಂದ ಒಬ್ಬರು ಬೈಕಲ್ಲಿ ಬಂದರು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟು ಸೈಜುಗಲ್ಲಿನ ಮೇಲೆ ನಿಂತಿದ್ದಳು. ಸುತ್ತ ತೆಂಗಿನ ಮರ, ಮೇಲೆ ಮೋಡ. ಫೋನಿಗೆ ಜಾಗ ಸಿಗ್ತಾನೇ ಇಲ್ಲ. "ಇನ್ನೊಂಚೂರು ಈ ಕಡೆ ಬಾ ಅಕ್ಕ, ಇನ್ನೊಂಚೂರು" ಅಂತ ಅವರು, "ಅಯ್ಯೋ, ಪಾಯ ಬಿಟ್ಟು ಬೀದಿಗೆ ಬಂದೆ ಕಣಪ್ಪ" ಅಂತ ಇವಳು. ಅರ್ಧ ಗಂಟೆ ಆದ ಮೇಲೆ ಒಂದು ಫೋಟೋ ಕೂತಿತು. ಅದರಲ್ಲಿ ಅಮ್ಮ ಕಣ್ಣು ಮುಚ್ಚಿದ್ದಾಳೆ. ಪರವಾಗಿಲ್ಲ, ಪಾಯ ಕಾಣ್ತಿದೆಯಲ್ಲ ಅಂದರು.

ಆ ಎಡವಟ್ಟು ಲಿಂಟಲ್ ಹಂತದಲ್ಲಿ ತಿರುಗಿ ಬಡಿಯಿತು. ಎರಡನೇ ಫೋಟೋ ಸರಿಯಾಗಿ ಮನೆ ಮುಂದೆಯೇ ತೆಗೆದರು. ಮೊದಲ ಫೋಟೋದ ಜಾಗಕ್ಕೂ ಇದಕ್ಕೂ ತಾಳೆ ಆಗ್ತಿಲ್ಲ ಅಂತ ಅದು ಪಾಸಾಗಲಿಲ್ಲ. ಸರಿ ಮಾಡಿಸೋಕೆ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಓಡಾಡಿದೆ. ಅದು ಸರಿ ಆದ ಮೇಲೆ 'ಮೇಲಿಂದ ಹಣ ಬಿಡುಗಡೆ ಆಗಿಲ್ಲ' ಅನ್ನೋದು ಶುರು. ಒಟ್ಟು ನಾಲ್ಕು ತಿಂಗಳು. ಅಷ್ಟರಲ್ಲಿ ಗಾರೆ ಮೇಸ್ತ್ರಿ ಬೇರೆ ಕೆಲಸ ಹಿಡಿದು ಹೋದ. ಪ್ರತಿ ಫೋಟೋಗೂ 'ಪೆಟ್ರೋಲ್‌ಗೆ' ಅಂತ ಒಂದಿಷ್ಟು ಹೋಯಿತು. ಎಷ್ಟು, ಯಾರಿಗೆ ಅಂತ ಬರೆಯಲ್ಲ, ಖರ್ಚಿನ ಪುಸ್ತಕದಲ್ಲೂ ಅದನ್ನ 'ಇತರೆ' ಅಂತ ಬರೆದಿದ್ದೇನೆ.

ಆ ನಾಲ್ಕು ತಿಂಗಳು ಪೂರ್ತಿ ಮಳೆಗಾಲ. ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಕಟ್ಟುತ್ತಿದ್ದೆವು. ಉಳಿಯೋಕೆ ಅಂತ ಪಕ್ಕದಲ್ಲಿ ತೆಂಗಿನ ಗರಿ ಹೊದಿಸಿ, ಮೇಲೆ ಟಾರ್ಪಾಲ್ ಎಳೆದಿದ್ದೆವು. ಅಮ್ಮ, ತಂಗಿ, ನಾನು, ಎರಡು ಮೇಕೆ. ರಾತ್ರಿ ಗಾಳಿ ಬಂದರೆ ನಾನೊಂದು ಮೂಲೆ, ತಂಗಿ ಇನ್ನೊಂದು ಮೂಲೆ ಹಿಡ್ಕೊಂಡು ಕೂರಬೇಕಿತ್ತು. ಮತ್ತೆ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ಹಳೇ ಮನೆ ಪೂರ್ತಿ ಕೆಡವಬೇಡಿ. ಜಾಗ ಇದ್ದರೆ ಹಿಂದಿನ ಒಂದು ಅಂಕಣ ಬಿಟ್ಟುಕೊಂಡು ಮುಂದೆ ಕಟ್ಟಿ. ಹಂಗಂತ ತೀರಾ ತಡ ಮಾಡೋ ಹಾಗೂ ಇಲ್ಲ. ಕಾರ್ಯಾದೇಶ ಬಂದ ಮೇಲೆ ಹೇಳಿದ ಗಡುವಿನಲ್ಲಿ ಕೆಲಸ ಶುರು ಮಾಡದಿದ್ದರೆ ಮನೆ ಬ್ಲಾಕ್ ಆಗುತ್ತೆ, ಅದನ್ನ ಬಿಡಿಸೋದು ದೊಡ್ಡ ರಾಮಾಯಣ.

ಛಾವಣಿಗೆ ಮೋಲ್ಡ್ (ಕಾಂಕ್ರೀಟ್) ಹಾಕಿದ ದಿನ ಮಾತ್ರ ಚೆನ್ನಾಗಿತ್ತು. ಸೆಂಟ್ರಿಂಗ್ ಬಾಡಿಗೆ ದಿನದ ಲೆಕ್ಕ, ಅದಕ್ಕೇ ಬೆಳಗ್ಗೆ ಆರಕ್ಕೇ ಶುರು. ಬೀದಿಯವರೆಲ್ಲ ಬಂದು ಬಾಂಡ್ಲಿ ಹಿಡಿದರು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಚಿಕ್ಕ ಚಿಕ್ಕಪ್ಪನೂ ಬಂದಿದ್ದ, ಸಹಿ ಹಾಕೋಕೆ ಕಾಯಿಸಿದಷ್ಟು ಊಟಕ್ಕೆ ಕಾಯಿಸಲಿಲ್ಲ.

ಈಗ ಲೆಕ್ಕ. ಒಟ್ಟು ಖರ್ಚು 3,62,000. ಯೋಜನೆಯಿಂದ 1,20,000. ಇದರ ಜೊತೆ ಉದ್ಯೋಗ ಖಾತ್ರಿಯಲ್ಲಿ ಮನೆ ಕೆಲಸಕ್ಕೆ 90 ದಿನದ ಕೂಲಿ ಸಿಗ್ತಿತ್ತು, ಜಾಬ್ ಕಾರ್ಡ್ ಇದ್ದು ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ತೆಗೆಸಿಕೊಂಡರೆ. ಅದು 21,240. ಎಷ್ಟೋ ಜನಕ್ಕೆ ಇದು ಗೊತ್ತೇ ಇರಲಿಲ್ಲ, ಯಾರೂ ತಾವಾಗಿ ಹೇಳ್ತಲೂ ಇರಲಿಲ್ಲ. ಕೇಳಿ ತಗೋಬೇಕಿತ್ತು. ಆದರೆ ಆಗ ವರ್ಷಕ್ಕೆ ಒಂದು ಕುಟುಂಬಕ್ಕೆ ನೂರೇ ದಿನ ಅಲ್ವಾ, ತೊಂಬತ್ತು ಮನೆಗೇ ಹೋಗಿ ಅಮ್ಮನಿಗೆ ಬೇರೆ ಕೆಲಸಕ್ಕೆ ಹತ್ತೇ ದಿನ ಉಳಿಯಿತು. ಶೌಚಾಲಯಕ್ಕೆ ಸ್ವಚ್ಛ ಭಾರತದ 12,000. ಎಲ್ಲ ಸೇರಿ 1,53,240. ಉಳಿದ 2,08,760 ನಮ್ಮ ತಲೆ ಮೇಲೆ. ಸ್ತ್ರೀಶಕ್ತಿ ಸಂಘದ ಸಾಲ ಐವತ್ತು ಸಾವಿರ, ಕೂಗಿದ ಚೀಟಿ ಅರವತ್ತು, ಅಮ್ಮನ ಓಲೆ ಅಡವಿಟ್ಟು ಮೂವತ್ತು, ಮಿಕ್ಕಿದ್ದು ಮಂಡಿಯಲ್ಲಿ ಮುಂಗಡ. ಓಲೆ ಬಿಡಿಸಿದ್ದು 2021ರಲ್ಲಿ. ಕೊನೆ ಕಂತು ಬಂದಿದ್ದು ಗೃಹಪ್ರವೇಶ ಆಗಿ ಏಳು ತಿಂಗಳಿಗೆ. ತಡವಾದ ಕಂತುಗಳಿಂದ ಕಟ್ಟಿದ ಬಡ್ಡಿಯೇ ಹತ್ತೊಂಬತ್ತು ಸಾವಿರ ಚಿಲ್ಲರೆ. ಸಹಾಯಧನದಲ್ಲಿ ಅದನ್ನ ಕಳೆದು ನೋಡಿ.

ವಾಸಕ್ಕೆ ಹೇಗಿದೆ? 290 ಚದರಡಿ. ಒಂದು ಪಡಸಾಲೆ, ಅಡುಗೆಮನೆ, ಮಲಗೋಕೆ ಒಂದು ಕೋಣೆ. ಆರಿಂಚಿನ ಸಿಮೆಂಟ್ ಬ್ಲಾಕ್ ಗೋಡೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಕೂರೋಕಾಗಲ್ಲ, ಹಳೇ ಮಣ್ಣಿನ ಗೋಡೆ, ನಾಡಹೆಂಚಿನ ಮನೆ ಇದಕ್ಕಿಂತ ಎಷ್ಟೋ ತಂಪು. ಅಮ್ಮ ಬೇಸಿಗೆಯಲ್ಲಿ ಈಗಲೂ ಹೊರಗೆ ಜಗಲಿ ಮೇಲೆ ಮಲಗ್ತಾಳೆ. ಅಟ್ಟ ಇಲ್ಲದಿರೋದು ಇನ್ನೊಂದು ಕೊರತೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿರಬೇಕು. ನಮ್ಮದು ಹನ್ನೆರಡೇ ಮರ, ಆದರೂ ಅಟ್ಟ ಇದ್ದಾಗ ಕೊಬ್ಬರಿ ಮಾಡಿ ಮಾರ್ತಿದ್ದೆವು. ಈಗ ಹಸಿ ಕಾಯಿಯನ್ನೇ ಕೊಟ್ಟುಬಿಡ್ತೀವಿ. ಪ್ಲಾನ್ ಮಾಡುವಾಗ ಅಡುಗೆಮನೆ ಮೇಲಾದರೂ ಒಂದು ಅಟ್ಟ ಬಿಡಿಸ್ಕೋಬೇಕಿತ್ತು. ಇಂಜಿನಿಯರ್ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊಬ್ಬರಿ ಮಂಡಿಯವನಿಗೆ ಅಟ್ಟ ಮರೆತುಹೋಯ್ತು ಅಂದರೆ ಯಾರಾದರೂ ನಂಬ್ತಾರಾ?

ಸೋರಿಕೆ ಮೊದಲ ಐದು ವರ್ಷ ಇರಲಿಲ್ಲ. ಆರನೇ ಮಳೆಗಾಲಕ್ಕೆ ಈಶಾನ್ಯದ ಮೂಲೆಯಲ್ಲಿ ತೇವ ಬಂತು. ದುಡ್ಡು ಸಾಲದೆ ತಾರಸಿಗೆ ಇಳಿಜಾರಿನ ಗಾರೆ ಮಾಡಿಸಿರಲಿಲ್ಲ, ತಪ್ಪು ನಮ್ಮದೇ.

ಹಾಗಾದರೆ ಮನೆಗೆ ನಾಲ್ಕು ಸ್ಟಾರ್ ಯಾಕೆ ಅಂದರೆ, ಹಳೇ ಮನೆಯಲ್ಲಿ ಮಳೆ ಅಂದರೆ ಅಮ್ಮ ಎದ್ದು ಕೂತು ಗೋಡೆ ನೋಡ್ತಿದ್ದಳು. ಒಂದು ವರ್ಷ ಹಿಂದಿನ ಗೋಡೆ ರಾತ್ರಿ ಕುಸಿದು, ಪುಣ್ಯಕ್ಕೆ ಮೇಕೆ ಕಟ್ಟುವ ಕಡೆ ಬಿತ್ತು. ಈಗ ಮಳೆ ಬಂದರೆ ಅವಳು ಕೇಳೋದು 'ಬಟ್ಟೆ ಎತ್ತಿದ್ಯಾ' ಅಂತ. ಸ್ನಾನಕ್ಕೆ, ಶೌಚಕ್ಕೆ ತಂಗಿ ಕತ್ತಲಾಗೋದನ್ನ ಕಾಯಬೇಕಿಲ್ಲ. ಇನ್ನೊಂದು, ಖಾತೆ ಅಮ್ಮನ ಹೆಸರಲ್ಲಿರೋದು. ಮೊದಲೆಲ್ಲ ಜಗಳ ಆದರೆ 'ನಿಮ್ಮಪ್ಪನ ಮನೆ' ಅಂತಿದ್ದಳು. ಈಗ 'ನನ್ನ ಮನೇಲಿ ಇರೋದಾದ್ರೆ ನೆಟ್ಟಗಿರು' ಅಂತಾಳೆ. ನನಗೇ.

ಒಂದು ವಿಷಯ ಅರ್ಜಿ ಹಾಕುವ ಮೊದಲೇ ಯೋಚಿಸಿ: ಒಮ್ಮೆ ಸೌಲಭ್ಯ ತಗೊಂಡ ಕುಟುಂಬಕ್ಕೆ ಮತ್ತೆ ಸಿಗಲ್ಲ. ಹಾಗಾಗಿ ಕಂತಿಗೆ ಸರಿಹೋಗೋ ಹಾಗೆ ಚಿಕ್ಕದಾಗಿ ಕಟ್ಟೋದಾ, ಸಾಲ ಮಾಡಿ ಸ್ವಲ್ಪ ದೊಡ್ಡದಾಗಿ ಕಟ್ಟೋದಾ ಅನ್ನೋದು ಪ್ರತಿ ಮನೆಯಲ್ಲೂ ಜಗಳವೇ. ಹಿಂದಿನ ಬೀದಿಯ ಒಬ್ಬರು ಮಗನ ಮದುವೆ ಲೆಕ್ಕ ಹಾಕಿ ಎರಡು ಕೋಣೆ ಎತ್ತಿದರು. ಲಿಂಟಲ್‌ಗೇ ನಿಂತು ಆರು ವರ್ಷ. ಒಳಗೆ ಎಕ್ಕದ ಗಿಡ ಬೆಳೆದಿದೆ, ಅವರು ಪಕ್ಕದ ಶೀಟ್ ಮನೆಯಲ್ಲೇ ಇದ್ದಾರೆ. ಕಂತಿನ ಸ್ಥಿತಿ ನೋಡೋಕೆ ಪಂಚಾಯಿತಿಗೇ ಅಲೆಯಬೇಕಂತಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ವೆಬ್‌ಸೈಟ್‌ನಲ್ಲಿ ಫಲಾನುಭವಿ ಸಂಖ್ಯೆ ಹಾಕಿದರೆ ಯಾವ ಹಂತದಲ್ಲಿದೆ ಅಂತ ತೋರಿಸುತ್ತೆ. ನನಗೆ ಇದು ಮೂರನೇ ಕಂತಿನ ಹೊತ್ತಿಗೆ ಗೊತ್ತಾಯ್ತು. ನಮ್ಮ ಮನೆಯ ಪುಟ ತೆರೆದರೆ ಇವತ್ತಿಗೂ ಮೊದಲಿಗೆ ಬರೋದು ಆ ಫೋಟೋನೇ, ಮದುವೆ ಸೀರೆಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತ ಅಮ್ಮ.