ರಾಣಿ ಗಂಡನಿಗೆ ಏನಂತ ಕರೀಬೇಕು: ಕ್ರುಸೇಡರ್ ಕಿಂಗ್ಸ್ 3ಕ್ಕೆ ಹಾಕ್ಕೊಂಡ ಒಂದು ಟೈಟಲ್ ಮಾಡ್, ಒಂದೂವರೆ ವರ್ಷದ ಮೇಲೆ

ಕ್ರುಸೇಡರ್ ಕಿಂಗ್ಸ್ 3 ಅಂದ್ರೆ ಮಧ್ಯಯುಗದ ರಾಜಮನೆತನ ನಡೆಸೋ ಕಂಪ್ಯೂಟರ್ ಗೇಮ್, 2020ರಲ್ಲಿ ಬಂದಾಗಿಂದ ಆಡ್ತಿದೀನಿ, ಆಳೋ ರಾಣಿಯ ಗಂಡನ ಪದವಿ ಹೆಸರು ಬದಲಿಸೋ ಈ ಪುಟ್ಟ ಮಾಡ್ (ಆಟಗಾರರೇ ಮಾಡಿ ಗೇಮ್‌ಗೆ ಸೇರಿಸೋ ಬದಲಾವಣೆ) ಹಾಕಿ ಒಂದೂವರೆ ವರ್ಷ ಆಯ್ತು. 5ಕ್ಕೆ 3.5 ಕೊಡ್ತೀನಿ.

ನಮ್ ಭಾಷೆಲೇ ನೋಡಿ, ರಾಜನ ಹೆಂಡ್ತಿನೂ ರಾಣಿ, ಸಿಂಹಾಸನದ ಮೇಲೆ ಕೂತು ಆಳೋಳೂ ರಾಣಿ, ಆದ್ರೆ ಅವಳ ಗಂಡನಿಗೆ ಒಂದು ಪದ ಇಲ್ಲ, ರಾಣಿ ಗಂಡ ಅಂದ್ರೆ ರಾಣಿ ಗಂಡ ಅಷ್ಟೆ. ಅದಕ್ಕೇ ಈ ಮಾಡ್ ಕಂಡ ತಕ್ಷಣ ಖುಷಿಯಾಗಿ ಹಾಕ್ಕೊಂಡೆ. ಕೆಲಸ ಸಿಂಪಲ್, ಗೇಮ್‌ನಲ್ಲಿ ಫ್ಲೇವರೈಸೇಶನ್ ಅಂತ ಒಂದು ಫೋಲ್ಡರ್ ಇದೆ, ಸಂಸ್ಕೃತಿ, ಸರ್ಕಾರದ ಬಗೆ, ರಾಜ್ಯದ ಹಂತ, ಗಂಡೋ ಹೆಣ್ಣೋ ಇವೆಲ್ಲ ನೋಡಿ ಯಾರನ್ನ ಏನಂತ ತೋರಿಸ್ಬೇಕು ಅಂತ ಅಲ್ಲಿ ಬರ್ದಿರತ್ತೆ, ಮಾಡ್ ಅಲ್ಲಿಗೆ ತನ್ನ ಸಾಲುಗಳನ್ನ ಸೇರಿಸತ್ತೆ.

ತೊಂದರೆ ಅಲ್ಲೇ ಇರೋದು. ಒಂದು ಸಂಸ್ಕೃತಿಗೆ ಒಂದೇ ಹೆಸರು. ಇತಿಹಾಸದಲ್ಲಿ ಹಾಗಿರ್ಲಿಲ್ಲ, ಮದುವೆಯಲ್ಲಿ ಏನು ಒಪ್ಪಂದ ಆಯ್ತು, ಗಂಡನ ತಲೆ ಮೇಲೆ ಕಿರೀಟ ಇಟ್ರಾ ಇಲ್ವಾ ಅನ್ನೋದ್ರ ಮೇಲೆ ಹೋಗ್ತಿತ್ತು. ಈಗಿನ ಸ್ಪೇನ್‌ನಲ್ಲಿದ್ದ ಅರಗಾನ್ ರಾಜ್ಯದ ರಾಣಿ ಪೆಟ್ರೊನಿಲಾ ಇನ್ನೂ ಕೂಸಾಗಿದ್ದಾಗ್ಲೇ, 1137ರಲ್ಲಿ, ಬಾರ್ಸಿಲೋನಾದ ಕೌಂಟ್ ರಾಮೋನ್ ಬೆರೆಂಗೇರ್‌ಗೆ ನಿಶ್ಚಯ ಆಯ್ತು, ಅವನು ರಾಜ್ಯ ಪೂರ್ತಿ ನಡೆಸಿದ, ಆದ್ರೆ ಸಾಯೋವರೆಗೂ ಅರಗಾನ್‌ನ ಪ್ರಿನ್ಸ್ ಅಂತಷ್ಟೇ ಕರ್ಕೊಂಡ, ರಾಜ ಅಂತ ಒಂದು ಸಲಾನೂ ಅಲ್ಲ. ಪೋಲೆಂಡ್‌ನಲ್ಲಿ ಉಲ್ಟಾ, 1384ರಲ್ಲಿ ಯಾದ್ವಿಗಾಗೇ ರಾಜ ಅಂತ ಪಟ್ಟ ಕಟ್ಟಿದ್ರು, ಆಮೇಲೆ ಅವಳನ್ನ ಮದುವೆಯಾದ ಲಿಥುವೇನಿಯಾದ ದೊರೆ ಯೊಗೈಲಾನೂ ರಾಜ ಆದ, 1399ರಲ್ಲಿ ಅವಳು ತೀರ್ಕೊಂಡ್ಮೇಲೂ 1434ರವರೆಗೆ ಆಳ್ದ.

ನನಗೆ ತುಂಬಾ ಇಷ್ಟ ಜೆರುಸಲೇಮ್. 1178ರ ಸ್ಟಾರ್ಟ್ ಡೇಟ್‌ನಲ್ಲಿ (ಗೇಮ್‌ನಲ್ಲಿ ಆಟ ಶುರುವಾಗೋ ವರ್ಷ) ಕುಷ್ಠರೋಗದ ನಾಲ್ಕನೇ ಬಾಲ್ಡ್ವಿನ್ ರಾಜ, ಅವನ ಅಕ್ಕ ಸಿಬಿಲ್ಲಾ. ನಿಜವಾಗಿ ಆಗಿದ್ದೇನಂದ್ರೆ 1186ರಲ್ಲಿ ಸಿಂಹಾಸನ ಸಿಬಿಲ್ಲಾ ಪಾಲಿಗೆ ಬಂದಾಗ, ಗಂಡ ಗೀ ದ ಲೂಸಿನ್ಯಾನ್‌ನ ಬಿಟ್ರೆ ಮಾತ್ರ ಪಟ್ಟ ಅಂದ್ರು ಅಲ್ಲಿನ ಸರದಾರರು, ಸರಿ ಆದ್ರೆ ಮುಂದಿನ ಗಂಡನ್ನ ನಾನೇ ಆರಿಸ್ಕೋತೀನಿ ಅಂದ್ಳು, ಕಿರೀಟ ಬಂದ ಮೇಲೆ ಎಲ್ರ ಮುಂದೆ ಅದೇ ಗೀನ ಕರ್ದು ಅವಳೇ ಕಿರೀಟ ಇಟ್ಟಳು! ಮಾರನೇ ವರ್ಷ ಹತ್ತೀನ್ ಯುದ್ಧದಲ್ಲಿ ಅವನು ಈಜಿಪ್ಟ್-ಸಿರಿಯಾದ ಸುಲ್ತಾನ ಸಲಾದಿನ್‌ಗೆ ಸೆರೆ ಸಿಕ್ಕ, 1190ರಲ್ಲಿ ಸಿಬಿಲ್ಲಾ ಸತ್ತಳು, ಅಲ್ಲಿಗೆ ನಿನ್ನ ಹಕ್ಕು ಮುಗೀತು ಅಂತ ಜಗಳ ಶುರು, ಕೊನೆಗೆ ಅವನಿಗೆ ಸಿಕ್ಕಿದ್ದು ಸೈಪ್ರಸ್. ಇಷ್ಟು ದೊಡ್ಡ ಕಥೆ ಆ ಒಂದು ಪದವಿಯೊಳಗೆ ಇದೆ, ಮಾಡ್‌ನಲ್ಲಿ ಮಾತ್ರ ಹೆಂಡ್ತಿ ಸತ್ತ ದಿನವೇ ಹೆಸರು ಮಾಯ, ಜಗಳಾನೂ ಇಲ್ಲ ಏನೂ ಇಲ್ಲ.

ಇನ್ನೊಂದು, ಗೇಮ್ ಅಪ್‌ಡೇಟ್ ಆದಾಗ ಎರಡು ಸಲ ಹೆಸರಿನ ಜಾಗದಲ್ಲಿ ಅಂಡರ್‌ಸ್ಕೋರ್ ತುಂಬಿದ ಕೋಡ್ ಕಾಣಿಸ್ತು, ಸರಿ ಹೋಗೋಕೆ ವಾರಗಟ್ಲೆ ಕಾದೆ.

ಆದ್ರೂ ತೆಗ್ದಿಲ್ಲ. ಪಟ್ಟ ಕಟ್ಟಿಸ್ಕೊಂಡ ಗಂಡನಿಗೊಂದು, ಬರೀ ಗಂಡನಿಗೊಂದು ಅಂತ ಎರಡು ಹೆಸರು ಮಾಡಿದ್ರೆ ಆ ದಿನವೇ 5 ಕೊಡ್ತೀನಿ. ಸೇವ್ ಹಾಗೇ ಇಟ್ಕೊಂಡಿದೀನಿ, ಅದ್ರಲ್ಲಿ ಈಗ 1189, ಸಿಬಿಲ್ಲಾ ಇನ್ನೂ ಬದುಕಿದಾಳೆ.